ಹಗೆಯ ದನಿಗೆ ಕಿವಿಗೊಟ್ಟ ಕವಿ: ವಿಲ್ಫ್ರೆಡ್ ಓವೆನ್

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆ ವಿಲ್ಫ್ರೆಡ್ ಓವೆನ್‌ನ ಹೆಸರು ಹೊಸತಲ್ಲ. ಆದರೆ ಪರೀಕ್ಷೆಗೆಂದು ಓದಿದ ಕವಿಗಳನ್ನು ನಾವು ಬಹುಬೇಗ ಮರೆತುಬಿಡುತ್ತೇವೆ. ಅವರ ಬದುಕನ್ನು ತಿಳಿಯುವ ಗೋಜಿಗಂತೂ ಹೋಗುವುದೇ ಇಲ್ಲ. ಇಪ್ಪತ್ತೈದೇ ವರ್ಷಗಳ ಓವೆನ್‌ನ ಬದುಕು ಮಾತ್ರ ಅವನ ಕವಿತೆಗಳಷ್ಟೇ ನಮ್ಮನ್ನು ಕಾಡುವಂಥದು.

ಓವೆನ್ ಹುಟ್ಟಿದ್ದು 1893ರ ಮಾರ್ಚ್ 18ರಂದು, ಇಂಗ್ಲೆಂಡಿನ ಆಸ್ವೆಸ್ಟ್ರಿಯಲ್ಲಿ. ತಂದೆ ರೈಲ್ವೆ ನೌಕರ. ತಾಯಿ ಸೂಸನ್ ದೈವಭಕ್ತೆ. ಮನೆಯ ಪರಿಸ್ಥಿತಿಯಿಂದಾಗಿ ವಿಶ್ವವಿದ್ಯಾನಿಲಯದ ಶಿಕ್ಷಣ ಕೈಗೆಟುಕಲಿಲ್ಲ. ಕೆಲಕಾಲ ಹಳ್ಳಿಯೊಂದರ ಪಾದ್ರಿಗೆ ಸಹಾಯಕನಾಗಿದ್ದು, 1913ರಲ್ಲಿ ಫ್ರಾನ್ಸಿನ ಬೋರ್ಡೋ ನಗರಕ್ಕೆ ತೆರಳಿ ಇಂಗ್ಲಿಷ್ ಬೋಧಿಸತೊಡಗಿದನು. ಮರುವರ್ಷ ಮಹಾಯುದ್ಧ ಆರಂಭವಾಯಿತು. 1915ರಲ್ಲಿ ಸೇನೆ ಸೇರಿ, 1917ರ ಆದಿಯಲ್ಲಿ ಫ್ರಾನ್ಸಿನ ರಣರಂಗದ ಕಂದಕಗಳನ್ನು ಕಂಡನು.

ಆ ಯುದ್ಧ ನಮಗೆ ತೀರಾ ದೂರದ್ದೇನೂ ಅಲ್ಲ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ವಿಗ್ರಹಗಳು ಅದೇ ಯುದ್ಧದಲ್ಲಿ ಹೋರಾಡಿದ ಜೋಧಪುರ, ಹೈದರಾಬಾದ್ ಮತ್ತು ನಮ್ಮ ಮೈಸೂರು ಸಂಸ್ಥಾನಗಳ ಅಶ್ವದಳಗಳ ನೆನಪಿಗೆಂದು ಸ್ಥಾಪಿತವಾದವು.

ಸಿಡಿದ ಗುಂಡಿನ ಆಘಾತ, ಸಹ-ಅಧಿಕಾರಿಯೊಬ್ಬನ ಛಿದ್ರಗೊಂಡ ಶವದ ಸಮೀಪದಲ್ಲೇ ದಿನಗಟ್ಟಲೆ ಬಿದ್ದಿರಬೇಕಾದ ಅನುಭವ ಇವೆಲ್ಲ ಓವೆನ್‌ನ ಮನಸ್ಸನ್ನು ಕುಗ್ಗಿಸಿದವು. ಚಿಕಿತ್ಸೆಗೆಂದು ಅವನನ್ನು ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳುಹಿಸಲಾಯಿತು. ಅಲ್ಲಿಯೇ ಕವಿ ಸೀಗ್‌ಫ್ರೀಡ್ ಸಸೂನ್‌ನ ಸ್ನೇಹ ಲಭಿಸಿತು. ಅದುವರೆಗೆ ಕೀಟ್ಸನ ನೆರಳಿನಲ್ಲಿ ಬರೆಯುತ್ತಿದ್ದ ಯುವಕ, ಕಣ್ಣಾರೆ ಕಂಡುದನ್ನೇ ಬರೆಯಬೇಕೆಂಬ ದಿಟ್ಟತನವನ್ನು ಪಡೆದದ್ದು ಆ ಸ್ನೇಹದಿಂದ. ಅವನ ಹೆಸರನ್ನು ಉಳಿಸಿರುವ ಕವಿತೆಗಳಲ್ಲಿ ಬಹುಪಾಲು ಆ ನಂತರದ ಒಂದು ವರ್ಷದೊಳಗೆ ಬರೆದವು.

1918ರಲ್ಲಿ ಬರೆದ 'ಸ್ಟ್ರೇಂಜ್ ಮೀಟಿಂಗ್' ಅವುಗಳಲ್ಲಿ ಶ್ರೇಷ್ಠವಾದುದೆಂದು ನಮ್ಮ ಭಾವನೆ. ಸೈನಿಕನೊಬ್ಬನು ಪಾತಾಳದಂತಹ ಸುರಂಗದಲ್ಲಿ ತಾನೇ ಕೊಂದ ಶತ್ರುವನ್ನು ಸಂಧಿಸುತ್ತಾನೆ. ಸತ್ತವನ ಮಾತಿನಲ್ಲಿ ಸೇಡಿಲ್ಲ, ಸ್ನೇಹವಿದೆ. ಈ ಕವಿತೆಯ ಪ್ರಾಸವೂ ವಿಶಿಷ್ಟ. ಸಾಲಿನ ಕೊನೆಯ ಪದಗಳಲ್ಲಿ ವ್ಯಂಜನಗಳು ಹೊಂದಿದರೂ ಸ್ವರ ಬೇರೆಯಾಗುತ್ತದೆ. ಸ್ವರ ಬದಲಾದರೂ ವ್ಯಂಜನ ಬದಲಾಗದ ನಮ್ಮ ದ್ವಿತೀಯಾಕ್ಷರ ಪ್ರಾಸವನ್ನು ಬಲ್ಲ ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾದೀತು. ಇಂಗ್ಲಿಷ್ ಕಿವಿಗೆ ಮಾತ್ರ ಅದು ಕೂಡಿಯೂ ಕೂಡದ ನಾದ. ಕೊಂದವನಿಗೂ ಕೊಲ್ಲಲ್ಪಟ್ಟವನಿಗೂ ಇರುವ ನಂಟಿಗೆ ಅದಕ್ಕಿಂತ ಒಪ್ಪುವ ನಾದ ಬೇರೊಂದಿರಲಾರದು.

ಇಂತಹ ಕವಿತೆ ಬರೆದವನು ಅದೇ ವರ್ಷದ ಆಗಸ್ಟ್ ಅಂತ್ಯದಲ್ಲಿ ಪುನಃ ಫ್ರಾನ್ಸಿಗೆ ಹೊರಟನು. ಸಸೂನ್ ಗಾಯಗೊಂಡು ಹಿಂದಿರುಗಿದ್ದನು; ಸೈನಿಕರ ಸಂಕಟವನ್ನು ಕಂಡು ಹೇಳಲು ತಾನು ಅವರ ನಡುವೆಯೇ ಇರಬೇಕೆಂಬುದು ಓವೆನ್‌ನ ನಿಲುವು. ಅಕ್ಟೋಬರ್ ಆರಂಭದ ಕದನವೊಂದರಲ್ಲಿ ಶತ್ರುಗಳಿಂದ ವಶಪಡಿಸಿಕೊಂಡ ಮೆಷಿನ್ ಗನ್ನನ್ನು ಅವರ ಮೇಲೆಯೇ ಚಲಾಯಿಸಿ ಅಪಾರ ಹಾನಿ ಉಂಟುಮಾಡಿದನೆಂದು ಅವನ ಮಿಲಿಟರಿ ಕ್ರಾಸ್ ಪದಕದ ಪ್ರಶಸ್ತಿಪತ್ರ ದಾಖಲಿಸುತ್ತದೆ. ಹಗೆಯಲ್ಲಿ ಗೆಳೆಯನನ್ನು ಕಂಡ ಕವಿಯ ಕೈಯಿಂದಲೇ ಈ ಕೃತ್ಯವೂ ನಡೆಯಿತು. ಓವೆನ್‌ನನ್ನು ಕೇವಲ ಶಾಂತಿದೂತನೆಂದು ಹೊಗಳುವವರು ಇದನ್ನು ಬಿಟ್ಟುಬಿಡುವುದುಂಟು. ಬಿಡಬೇಕಾಗಿಲ್ಲ, ಕವಿತೆಯಲ್ಲಿ ಕೊಂದವನೂ ಅವನೇ ಅಲ್ಲವೆ?

1918ರ ನವೆಂಬರ್ 4ರಂದು, ಓರ್ಸ್ ಎಂಬ ಹಳ್ಳಿಯ ಬಳಿ ಕಾಲುವೆಯೊಂದನ್ನು ದಾಟಲು ತನ್ನ ಸೈನಿಕರಿಗೆ ನೆರವಾಗುತ್ತಿದ್ದಾಗ ಅವನು ಗುಂಡಿಗೆ ಬಲಿಯಾದನು. ಯುದ್ಧ ಮುಗಿಯಲು ಒಂದೇ ವಾರವಿತ್ತು. ನವೆಂಬರ್ 11ರಂದು ಶ್ರೂಸ್‌ಬರಿಯಲ್ಲಿ ಕದನವಿರಾಮದ ಗಂಟೆಗಳು ಮೊಳಗುತ್ತಿದ್ದಾಗ ಸಾವಿನ ತಂತಿ ಮನೆಗೆ ತಲುಪಿತು.

ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳು ಬೆರಳೆಣಿಕೆಯಷ್ಟು. ಸಂಕಲನ ಹೊರಬಂದದ್ದು 1920ರಲ್ಲಿ. ಅದೇ ವರ್ಷ ಸೂಸನ್ ಓವೆನ್ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದರು. ಕೊನೆಯ ಬಾರಿ ಬೀಳ್ಕೊಳ್ಳುವಾಗ ಮಗ ತಮ್ಮೊಡನೆ ನುಡಿದದ್ದು ಠಾಕೂರರ ಸಾಲುಗಳನ್ನು. ರಣರಂಗದಿಂದ ಹಿಂದಿರುಗಿ ಬಂದ ಅವನ ಪುಟ್ಟ ಪುಸ್ತಕದಲ್ಲಿಯೂ ಅವೇ ಸಾಲುಗಳು, ಕೆಳಗೆ ಠಾಕೂರರ ಹೆಸರು ಇದ್ದವು. ಅವು 'ಗೀತಾಂಜಲಿ'ಯವು. ಇಡೀ ಕವಿತೆ ಯಾವ ಪುಸ್ತಕದಲ್ಲಿ ಸಿಗುವುದೆಂದು ತಿಳಿಸಬಹುದೇ ಎಂದು ಆ ತಾಯಿ ವಿನಂತಿಸಿಕೊಂಡಿದ್ದರು.