ಜಾನ್ ಸ್ಟೈನ್‌ಬೆಕ್

ಜಾನ್ ಅರ್ನ್ಸ್ಟ್ ಸ್ಟೈನ್‌ಬೆಕ್ (ಫೆಬ್ರವರಿ 27, 1902 – ಡಿಸೆಂಬರ್ 20, 1968) ಅಮೆರಿಕದ ಪ್ರಸಿದ್ಧ ಕಾದಂಬರಿಕಾರರು. 1962ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪುರಸ್ಕೃತರು. ಸ್ವಂತ ನೆಲವಿಲ್ಲದೆ ಊರಿಂದೂರಿಗೆ ಅಲೆದು ದುಡಿಯುವ ಕೂಲಿಕಾರರ ಬದುಕು ಇವರ ಮುಖ್ಯ ಕೃತಿಗಳ ವಸ್ತು. 1937ರಲ್ಲಿ ಪ್ರಕಟವಾದ 'ಆಫ್ ಮೈಸ್ ಆಂಡ್ ಮೆನ್' ಎಂಬ ಕಿರುಕಾದಂಬರಿ ಇಂಗ್ಲಿಷ್ ಭಾಷೆಯ ಶಾಲಾ ತರಗತಿಗಳಲ್ಲಿ ಅತಿ ಹೆಚ್ಚು ಓದಲ್ಪಟ್ಟ ಕೃತಿಗಳಲ್ಲಿ ಒಂದು. ಶಾಲೆಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಒಳಗಾದ ಕೃತಿಗಳಲ್ಲಿಯೂ ಅದು ಒಂದು.

ಜನನ ಮತ್ತು ಬಾಲ್ಯ

ಸ್ಟೈನ್‌ಬೆಕ್ ಕ್ಯಾಲಿಫೋರ್ನಿಯ ರಾಜ್ಯದ ಸಲಿನಾಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮಾಂಟೆರೆ ಕೌಂಟಿಯ ಖಜಾಂಚಿಯಾಗಿದ್ದರು. ತಾಯಿ ಆಲಿವ್ ಹ್ಯಾಮಿಲ್ಟನ್ ಮದುವೆಗೆ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಮಗನಿಗೆ ಓದಿನ ರುಚಿ ಹತ್ತಿದ್ದು ಅವರಿಂದ. ಮೂವರು ಸಹೋದರಿಯರ ನಡುವೆ ಇವರೊಬ್ಬರೇ ಗಂಡುಮಗ.

ಸಲಿನಾಸ್ ಕಣಿವೆ ಫಲವತ್ತಾದ ಕೃಷಿಪ್ರದೇಶ. ಬಿಡುವಿನ ದಿನಗಳಲ್ಲಿ ಯುವಕ ಸ್ಟೈನ್‌ಬೆಕ್ ಸ್ಪ್ರೆಕಲ್ಸ್ ಸಕ್ಕರೆ ಕಂಪನಿಯ ಬೀಟ್ ಹೊಲಗಳಲ್ಲಿ ಕೂಲಿಯಾಳುಗಳೊಂದಿಗೆ ದುಡಿದರು. ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಮತ್ತೊಂದು ಊರಿಗೆ ಹೊರಡುವ ಒಂಟಿ ಗಂಡಸರ ಮಾತು, ಆಸೆ, ಜಗಳಗಳನ್ನು ಅವರು ಕಂಡರಿತದ್ದು ಅಲ್ಲಿಯೇ.

ವಿದ್ಯಾಭ್ಯಾಸ ಮತ್ತು ಆರಂಭದ ಬರವಣಿಗೆ

1919ರಲ್ಲಿ ಸಲಿನಾಸ್ ಪ್ರೌಢಶಾಲೆಯ ವ್ಯಾಸಂಗ ಮುಗಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಸೇರಿದರು. ನಡುನಡುವೆ ಓದು ಬಿಟ್ಟು ಕೂಲಿಗೆ ಹೋಗುತ್ತ, ಮತ್ತೆ ಸೇರುತ್ತ, 1925ರಲ್ಲಿ ಪದವಿ ಪಡೆಯದೆಯೇ ಹೊರಬಂದರು. ನ್ಯೂಯಾರ್ಕ್ ನಗರದಲ್ಲಿ ಕಟ್ಟಡದ ಕೆಲಸವನ್ನೂ ಪತ್ರಿಕಾ ವರದಿಗಾರಿಕೆಯನ್ನೂ ಮಾಡಿ, ಎರಡರಲ್ಲಿಯೂ ನೆಲೆ ಕಾಣದೆ ಕ್ಯಾಲಿಫೋರ್ನಿಯಕ್ಕೆ ಹಿಂದಿರುಗಿದರು. ಮೊದಲ ಕಾದಂಬರಿ 'ಕಪ್ ಆಫ್ ಗೋಲ್ಡ್' 1929ರಲ್ಲಿ ಪ್ರಕಟವಾಯಿತು. ಅದು ಹಣವನ್ನೂ ತರಲಿಲ್ಲ, ಹೆಸರನ್ನೂ ತರಲಿಲ್ಲ.

1930ರಲ್ಲಿ ಕ್ಯಾರಲ್ ಹೆನಿಂಗ್ ಅವರನ್ನು ವಿವಾಹವಾದರು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ದಂಪತಿಗಳು ಪೆಸಿಫಿಕ್ ಗ್ರೋವ್‌ನಲ್ಲಿದ್ದ ತಂದೆಯ ಪುಟ್ಟ ಮನೆಯಲ್ಲಿ, ತಂದೆಯ ನೆರವಿನಿಂದ ದಿನ ಕಳೆದರು. ಅಲ್ಲಿ ಪರಿಚಯವಾದ ಕಡಲಜೀವಿ ವಿಜ್ಞಾನಿ ಎಡ್ ರಿಕೆಟ್ಸ್ ಇವರ ಆಪ್ತಮಿತ್ರರಾದರು. 1935ರಲ್ಲಿ ಬಂದ 'ಟಾರ್ಟಿಯ ಫ್ಲಾಟ್' ಮೊದಲ ಯಶಸ್ಸನ್ನು ತಂದಿತು. ಆದರೆ ಅದನ್ನು ಕಾಣಲು ತಂದೆತಾಯಿ ಉಳಿದಿರಲಿಲ್ಲ. ತಾಯಿ 1934ರಲ್ಲಿ, ತಂದೆ 1935ರಲ್ಲಿ ಪುಸ್ತಕ ಹೊರಬರುವ ಮುನ್ನವೇ ತೀರಿಕೊಂಡಿದ್ದರು.

ಆಫ್ ಮೈಸ್ ಆಂಡ್ ಮೆನ್

1936ರಲ್ಲಿ ಸ್ಟೈನ್‌ಬೆಕ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಕಾದಂಬರಿಯಂತೆ ಓದಿಸಿಕೊಳ್ಳಬೇಕು, ಹೆಚ್ಚು ಬದಲಾವಣೆಯಿಲ್ಲದೆ ನಾಟಕವಾಗಿಯೂ ಆಡಲು ಬರಬೇಕು ಎಂಬುದು ಅವರ ಉದ್ದೇಶ. ಹಸ್ತಪ್ರತಿ ಅರ್ಧದಷ್ಟಾಗಿದ್ದಾಗ ಸಾಕುನಾಯಿಮರಿ ಟೋಬಿ ಅದನ್ನು ಹರಿದುಹಾಕಿತು. ಬೇರೆ ಪ್ರತಿ ಇರಲಿಲ್ಲ. ಎರಡು ತಿಂಗಳ ಶ್ರಮವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಕೃತಿಯ ಹೆಸರು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನೇಗಿಲಿಗೆ ಸಿಕ್ಕು ಗೂಡು ಕಳೆದುಕೊಂಡ ಇಲಿಯನ್ನು ಕುರಿತು ಬರೆದ ಕವನದಿಂದ ಬಂದಿದೆ.

ಜಾರ್ಜ್ ಮತ್ತು ಲೆನ್ನಿ ಜೊತೆಯಾಗಿ ಅಲೆಯುವ ಇಬ್ಬರು ಕೂಲಿಗಳು. ಲೆನ್ನಿ ದೇಹದಲ್ಲಿ ದೈತ್ಯ, ಬುದ್ಧಿಯಲ್ಲಿ ಮಗು. ಒಂದು ತುಂಡು ಭೂಮಿ ಕೊಂಡು, ಮೊಲ ಸಾಕಿಕೊಂಡು, ಯಾರ ಹಂಗೂ ಇಲ್ಲದೆ ಬದುಕಬೇಕೆಂಬುದು ಇಬ್ಬರ ಕನಸು. ಸೊಲೆಡಾಡ್ ಬಳಿಯ ರಾಂಚ್ ಒಂದರಲ್ಲಿ ಅವರು ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ, ಧಣಿಯ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ ಅರಿಯದೆ ಸಾವಿಗೀಡಾಗುತ್ತಾಳೆ. ಬೆನ್ನಟ್ಟಿದ ಗುಂಪಿಗೆ ಸಿಕ್ಕಿ ಗೆಳೆಯ ನರಳಬಾರದೆಂದು ಜಾರ್ಜ್ ತಾನೇ ಅವನಿಗೆ ಗುಂಡಿಕ್ಕುತ್ತಾನೆ. ಲೆನ್ನಿಯ ಪಾತ್ರಕ್ಕೆ ತಮ್ಮೊಂದಿಗೆ ದುಡಿದಿದ್ದ ನಿಜವಾದ ವ್ಯಕ್ತಿಯೊಬ್ಬ ಮೂಲವೆಂದು ಸ್ಟೈನ್‌ಬೆಕ್ ಪತ್ರಿಕಾ ಸಂದರ್ಶನದಲ್ಲಿ ತಿಳಿಸಿದ್ದರು.

1937ರ ನವೆಂಬರ್‌ನಲ್ಲಿ ಜಾರ್ಜ್ ಎಸ್. ಕಾಫ್ಮನ್ ನಿರ್ದೇಶನದಲ್ಲಿ ಇದು ನ್ಯೂಯಾರ್ಕ್ ರಂಗಭೂಮಿಗೆ ಬಂದು ನಾಟಕ ವಿಮರ್ಶಕರ ಪ್ರಶಸ್ತಿ ಪಡೆಯಿತು. ಲೇಖಕರು ಮಾತ್ರ ಆ ಪ್ರಯೋಗವನ್ನು ನೋಡಲು ಹೋಗಲೇ ಇಲ್ಲ. 1939 ಮತ್ತು 1992ರಲ್ಲಿ ಕೃತಿ ಚಲನಚಿತ್ರವಾಯಿತು.

ತರಗತಿಯಲ್ಲಿ ಈ ಕೃತಿ

ಆರು ಅಧ್ಯಾಯಗಳ ಈ ಕಿರುಕೃತಿಯಲ್ಲಿ ಸಂಭಾಷಣೆಯೇ ಹೆಚ್ಚು, ಭಾಷೆ ಸರಳ. ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಯೂ ಕೊನೆಯವರೆಗೆ ತಲುಪಬಲ್ಲ. ಕಥೆ ನದೀತೀರದ ಮಡುವಿನ ಬಳಿ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಮುದುಕ ಕ್ಯಾಂಡಿಯ ನಾಯಿಯನ್ನು ಕೊಲ್ಲುವ ಪ್ರಸಂಗ ಲೆನ್ನಿಯ ಅಂತ್ಯಕ್ಕೆ ಮುನ್ಸೂಚನೆಯಾಗುತ್ತದೆ. ತನ್ನ ನಾಯಿಯನ್ನು ಪರರ ಕೈಗೆ ಒಪ್ಪಿಸಬಾರದಿತ್ತೆಂದು ಕ್ಯಾಂಡಿ ಮರುಗಿದ್ದನ್ನು ನೆನೆದಾಗ ಜಾರ್ಜ್‌ನ ತೀರ್ಮಾನ ಅರ್ಥವಾಗುತ್ತದೆ. ಕಥಾರಚನೆಯನ್ನು ಕಲಿಸಲು ಇಂತಹ ಹೆಣಿಗೆ ಅನುಕೂಲಕರ.

ಆದರೆ ಕೃತಿಯ ನಿಜವಾದ ಬಲವಿರುವುದು ಅದು ಉತ್ತರ ಹೇಳದೆ ಬಿಡುವ ಪ್ರಶ್ನೆಗಳಲ್ಲಿ. ಜಾರ್ಜ್ ಮಾಡಿದ್ದು ಕರುಣೆಯೋ ಕೊಲೆಯೋ ಎಂಬುದರ ಬಗ್ಗೆ ವಿದ್ಯಾರ್ಥಿಗಳಲ್ಲಿ ಒಮ್ಮತ ಮೂಡುವುದು ಕಷ್ಟ. ಕುದುರೆಲಾಯದ ಕಪ್ಪು ಕೆಲಸಗಾರ ಕ್ರೂಕ್ಸ್‌ನನ್ನು ಉಳಿದವರು ತಮ್ಮ ವಸತಿಗೆ ಸೇರಿಸುವುದಿಲ್ಲ. ಕರ್ಲಿಯ ಹೆಂಡತಿಗೆ ಕೃತಿಯುದ್ದಕ್ಕೂ ಹೆಸರೇ ಇಲ್ಲ. ಇದು ಹೆಣ್ಣನ್ನು ಗಂಡನ ಸ್ವತ್ತೆಂದು ಕಂಡ ಸಮಾಜದ ಚಿತ್ರಣವೋ ಅಥವಾ ಲೇಖಕರದೇ ಕೊರತೆಯೋ ಎಂಬ ಚರ್ಚೆ ಇಂದಿಗೂ ಇದೆ. ಆ ಪಾತ್ರ ವಹಿಸಿದ್ದ ನಟಿ ಕ್ಲೇರ್ ಲೂಸ್ ಅವರಿಗೆ ಬರೆದ ಪತ್ರದಲ್ಲಿ ಸ್ಟೈನ್‌ಬೆಕ್ ಆಕೆಯನ್ನು ಕೆಟ್ಟ ಹೆಂಗಸಾಗಿ ಅಲ್ಲ, ಒಂಟಿತನದಲ್ಲಿ ಬೆಂದ ಹುಡುಗಿಯಾಗಿ ವಿವರಿಸಿದ್ದರು. ಅದನ್ನು ತಿಳಿದು ಮತ್ತೊಮ್ಮೆ ಓದಿದಾಗ ಅವಳ ಕೊನೆಯ ಮಾತುಕತೆ ಬೇರೆಯಾಗಿ ಕೇಳಿಸುತ್ತದೆ.

ಬೈಗುಳ, ಜನಾಂಗನಿಂದೆಯ ಪದಗಳು ಮತ್ತು ಹಿಂಸೆಯ ಕಾರಣಕ್ಕೆ ಅಮೆರಿಕದ ಅನೇಕ ಶಾಲೆಗಳಲ್ಲಿ ಪೋಷಕರು ಪುಸ್ತಕವನ್ನು ವಿರೋಧಿಸಿದ್ದಾರೆ. ಅಮೆರಿಕದ ಗ್ರಂಥಾಲಯ ಸಂಘದ ಆಕ್ಷೇಪಿತ ಪುಸ್ತಕಗಳ ಪಟ್ಟಿಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಅಂದಿನ ಕ್ರೌರ್ಯವನ್ನು ಅಂದಿನ ಮಾತಿನಲ್ಲಿಯೇ ತೋರಿಸಬೇಕೆಂಬ ವಾದ ಒಂದು ಕಡೆ. ಆ ಪದಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗ ನೋಯುವ ಮಕ್ಕಳಿದ್ದಾರೆಂಬ ವಾದ ಇನ್ನೊಂದು ಕಡೆ. ಇಂಗ್ಲೆಂಡಿನಲ್ಲಿ ಜಿಸಿಎಸ್ಇ ಪರೀಕ್ಷೆಯ ಜನಪ್ರಿಯ ಪಠ್ಯವಾಗಿದ್ದ ಈ ಕೃತಿ, ಬ್ರಿಟಿಷ್ ಲೇಖಕರಿಗೆ ಪ್ರಾಶಸ್ತ್ಯ ನೀಡಿ 2015ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಸ್ಥಾನ ಕಳೆದುಕೊಂಡಿತು.

ದಿ ಗ್ರೇಪ್ಸ್ ಆಫ್ ರಾಥ್

1936ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್' ಪತ್ರಿಕೆಗಾಗಿ ಸ್ಟೈನ್‌ಬೆಕ್ ವಲಸೆ ಕಾರ್ಮಿಕರ ಶಿಬಿರಗಳನ್ನು ಸುತ್ತಿ ಲೇಖನಮಾಲೆ ಬರೆದಿದ್ದರು. ಆ ಅನುಭವದಿಂದ ಹುಟ್ಟಿದ 'ದಿ ಗ್ರೇಪ್ಸ್ ಆಫ್ ರಾಥ್' 1939ರಲ್ಲಿ ಪ್ರಕಟವಾಯಿತು. ಜಮೀನು ಕಳೆದುಕೊಂಡು ಒಕ್ಲಹೋಮದಿಂದ ಕ್ಯಾಲಿಫೋರ್ನಿಯಕ್ಕೆ ಗುಳೆ ಹೊರಟ ಜೋಡ್ ಕುಟುಂಬದ ಈ ಕಥೆ 1940ರ ಪುಲಿಟ್ಜರ್ ಪ್ರಶಸ್ತಿ ಗಳಿಸಿತು. ದೊಡ್ಡ ಜಮೀನ್ದಾರರು ಕೆರಳಿದರು. ಕರ್ನ್ ಕೌಂಟಿಯಲ್ಲಿ ಕಾದಂಬರಿಯನ್ನು ಶಾಲೆ ಮತ್ತು ಗ್ರಂಥಾಲಯಗಳಿಂದ ನಿಷೇಧಿಸಲಾಯಿತು. ಅಲ್ಲಿನ ಬೇಕರ್ಸ್‌ಫೀಲ್ಡ್‌ನಲ್ಲಿ ಪ್ರತಿಯನ್ನು ಸುಡಲಾಯಿತು.

ನಂತರದ ವರ್ಷಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಯುದ್ಧ ವರದಿಗಾರರಾಗಿದ್ದರು. ಅದೇ ವರ್ಷ ಮೊದಲ ವಿವಾಹ ಮುರಿದು ಗ್ವಿನ್ ಕಾಂಗರ್ ಅವರನ್ನು ಮದುವೆಯಾದರು. ಅವರಿಂದ ಇಬ್ಬರು ಗಂಡುಮಕ್ಕಳಾದರು. 1948ರಲ್ಲಿ ಗೆಳೆಯ ರಿಕೆಟ್ಸ್ ರೈಲು ಅಪಘಾತದಿಂದ ಮೃತರಾದರು. ಎರಡನೆಯ ದಾಂಪತ್ಯವೂ ಅದೇ ವರ್ಷ ಕೊನೆಗೊಂಡಿತು. 1950ರಲ್ಲಿ ಎಲೇನ್ ಸ್ಕಾಟ್ ಅವರನ್ನು ವರಿಸಿದರು. 'ಕ್ಯಾನರಿ ರೋ' (1945), 'ದಿ ಪರ್ಲ್' (1947) ಮತ್ತು 'ಈಸ್ಟ್ ಆಫ್ ಈಡನ್' (1952) ಈ ಅವಧಿಯ ಮುಖ್ಯ ಕೃತಿಗಳು.

1962ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಅಮೆರಿಕದ ಪತ್ರಿಕೆಗಳಲ್ಲಿಯೇ ಆಯ್ಕೆಯ ಬಗ್ಗೆ ಟೀಕೆ ಕೇಳಿಬಂದಿತು. ಮುಂದೆ ವಿಯೆಟ್ನಾಂ ಯುದ್ಧದ ವರದಿಗಳಲ್ಲಿ ಅಮೆರಿಕದ ಸೈನಿಕರ ಪರ ಬರೆದು ಹಳೆಯ ಅಭಿಮಾನಿಗಳ ಅಸಮಾಧಾನಕ್ಕೂ ಗುರಿಯಾದರು.

ನಿಧನ

ಸ್ಟೈನ್‌ಬೆಕ್ 1968ರ ಡಿಸೆಂಬರ್ 20ರಂದು ನ್ಯೂಯಾರ್ಕ್‌ನಲ್ಲಿ ಹೃದ್ರೋಗದಿಂದ ನಿಧನರಾದರು. ಅವರ ಚಿತಾಭಸ್ಮವನ್ನು ಸಲಿನಾಸ್‌ನ ಸ್ಮಶಾನದಲ್ಲಿ ಇರಿಸಲಾಗಿದೆ. ಒಂದು ಕಾಲದಲ್ಲಿ ಇವರ ಮೇಲೆ ಮುನಿಸಿಕೊಂಡಿದ್ದ ಆ ಊರಿನಲ್ಲಿಯೇ 1998ರಲ್ಲಿ ರಾಷ್ಟ್ರೀಯ ಸ್ಟೈನ್‌ಬೆಕ್ ಕೇಂದ್ರ ಆರಂಭವಾಯಿತು.