ಮಲ್ಲಯ್ಯನನ್ನು ಅರಸಿ ಹೊರಟ ಬಾಲಕ: ಶಿವಯೋಗಿ ಸಿದ್ಧರಾಮೇಶ್ವರರು

ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನಾವು ಸಾಮಾನ್ಯವಾಗಿ ಕೆರೆ ಕಟ್ಟಿಸಿದ ಕರ್ಮಯೋಗಿಗಳೆಂದು ಸ್ಮರಿಸುತ್ತೇವೆ. ಅದು ಸತ್ಯವೇ. ಆದರೆ ಆ ಮಹಾಶಿವಯೋಗಿಗಳ ಬದುಕಿನಲ್ಲಿ ಎಲ್ಲವೂ ಬರಿದಾಗಿ ತೋರಿದ ಒಂದು ಗಳಿಗೆಯೂ, ಸಾಧಿಸಿದ್ದೆಲ್ಲವನ್ನೂ ಮರುಪರಿಶೀಲಿಸಬೇಕಾಗಿ ಬಂದ ಇನ್ನೊಂದು ಗಳಿಗೆಯೂ ಇದ್ದವು. ಇಂದು ಶ್ರೀಮಠಕ್ಕೆ ಬಂದು, ಬದುಕಿಗೆ ಅರ್ಥವೇ ಕಾಣುತ್ತಿಲ್ಲವೆಂದು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವ ಯುವಕ ಯುವತಿಯರ ಸಂಖ್ಯೆ ಸಣ್ಣದಲ್ಲ. ಅವರ ನೆನಪಿನಲ್ಲಿಯೇ ಈ ಎರಡು ಗಳಿಗೆಗಳನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

12ನೆಯ ಶತಮಾನದ ಸೊನ್ನಲಿಗೆ ಎಂದರೆ ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರ. ಅಲ್ಲಿಯ ಮುದ್ದಗೌಡ ಮತ್ತು ಸುಗ್ಗವ್ವೆಯರ ಮಗನಾಗಿ ಜನಿಸಿದ ಈ ಶಿಶುವಿಗೆ ಮನೆದೈವದ ಹೆಸರಿನಿಂದ ಧೂಳಿಮಾಕಾಳನೆಂದು ನಾಮಕರಣವಾಯಿತು. ರೇವಣಸಿದ್ಧರು ಈ ಕೂಸಿನ ಜನನವನ್ನು ಮುಂದಾಗಿಯೇ ಸೂಚಿಸಿದ್ದರೆಂಬುದು ಪರಂಪರೆಯ ನಂಬಿಕೆ. ಆದರೆ ಬೆಳೆಯುತ್ತಿದ್ದ ಹುಡುಗನಲ್ಲಿ ಲೋಕದ ಕಣ್ಣಿಗೆ ಯಾವ ಮಹಿಮೆಯೂ ಗೋಚರಿಸಲಿಲ್ಲ. ಮಾತು ಕಡಿಮೆ, ಓರಗೆಯವರೊಡನೆ ಬೆರೆಯುವುದು ಇನ್ನೂ ಕಡಿಮೆ. ಊರವರು ಅವನನ್ನು ಮಂದಮತಿಯೆಂದೇ ತಿಳಿದರು. ಹೊಲ ಕಾಯುವುದು, ದನ ಮೇಯಿಸುವುದು ಅವನ ಪಾಲಿನ ಕೆಲಸವಾಯಿತು.

ಮುಂದಿನ ಕಥೆಯನ್ನು ರಾಘವಾಂಕ ಮಹಾಕವಿಯು ತನ್ನ ಸಿದ್ಧರಾಮ ಚಾರಿತ್ರದಲ್ಲಿ ಬಲು ಅಕ್ಕರೆಯಿಂದ ಹೇಳಿದ್ದಾನೆ. ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮನೊಬ್ಬನು ಬಂದನು. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲವೆಂದನು. ಹುಡುಗನು ಎಳೆಯ ಜೋಳದ ತೆನೆಗಳನ್ನು ಸುಟ್ಟು ಕೊಟ್ಟನು. ಅದನ್ನು ತಿಂದ ಜಂಗಮನು ಒಡಲು ಉರಿಯುತ್ತಿದೆ, ಮೊಸರನ್ನ ಬೇಕೆಂದನು. ಹುಡುಗನು ಮನೆಗೆ ಓಡಿ, ತಾಯಿಯಿಂದ ಬುತ್ತಿಯನ್ನು ಕಟ್ಟಿಸಿಕೊಂಡು ಮರಳಿ ಬಂದಾಗ ಹೊಲದಲ್ಲಿ ಯಾರೂ ಇರಲಿಲ್ಲ.

ಬೇರೆ ಮಕ್ಕಳಾಗಿದ್ದರೆ ಬುತ್ತಿಯನ್ನು ತಾವೇ ಉಂಡು ಮರೆತುಬಿಡುತ್ತಿದ್ದರೇನೋ. ಈ ಬಾಲಕನಿಗೆ ಅದು ಸಾಧ್ಯವಾಗಲಿಲ್ಲ. ಜಗತ್ತೆಲ್ಲ ದಡ್ಡನೆಂದು ಬದಿಗಿಟ್ಟಿದ್ದ ತನ್ನನ್ನು ಪ್ರೀತಿಯಿಂದ ಮಾತನಾಡಿಸಿ, ತನ್ನ ಕೈಯ ತುತ್ತನ್ನು ಬೇಡಿದವನೊಬ್ಬನು ಸಿಕ್ಕಿದ್ದನು, ಸಿಕ್ಕವನು ಮರೆಯಾಗಿದ್ದನು. ಮಲ್ಲಯ್ಯಾ ಎಂದು ಕೂಗುತ್ತ ಹೊಲವೆಲ್ಲ ಅಲೆದನು. ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಎದುರಾಗಿ, ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆ ಬಾರೆಂದು ಕರೆದರು. ಮನೆಯವರಿಗೂ ತಿಳಿಸದೆ ಅವರ ಹಿಂದೆ ನಡೆದನು.

ಅಷ್ಟು ದೂರ ನಡೆದು ಹೋದ ಮೇಲೆ ಯಾತ್ರಿಕರು ಗರ್ಭಗುಡಿಯ ಲಿಂಗವನ್ನು ತೋರಿಸಿದರು. ಇವನು ನನ್ನ ಮಲ್ಲಯ್ಯನಲ್ಲ ಎಂಬುದು ಬಾಲಕನ ಹಟ. ಅವನಿಗೆ ಬೇಕಾಗಿದ್ದುದು ತನ್ನೊಡನೆ ಮಾತನಾಡಿದ ಮಲ್ಲಯ್ಯ. ಭಕ್ತರ ಸಮಾಧಾನದ ಮಾತುಗಳು ಅವನಿಗೆ ತಾಗಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ಚರಿತ್ರೆಯ ಹೃದಯವಿರುವುದು ಇಲ್ಲಿಯೇ. ಇತರರಿಗೆ ಸಾಕಾದ ಉತ್ತರವು ತನಗೆ ಸಾಲದೆಂದು ಹೇಳುವ ಎದೆಗಾರಿಕೆ ಆ ಮುಗ್ಧ ಬಾಲಕನಿಗಿದ್ದಿತು. ಆ ಎದೆಗಾರಿಕೆಗೆ ತೆರಬೇಕಾದ ಬೆಲೆಯೂ ಸಣ್ಣದಾಗಿರಲಿಲ್ಲ. ಒಬ್ಬನೇ ಬೆಟ್ಟ ಕಾಡುಗಳನ್ನು ಸುತ್ತಿದನು, ಕೂಗಿ ಕೂಗಿ ದನಿ ಬತ್ತಿತು. ಕೊನೆಗೆ ಆಳವಾದ ಕೊಳ್ಳದ ಅಂಚಿಗೆ ಬಂದು, ಕಾಣದ ಮಲ್ಲಯ್ಯನಿಲ್ಲದೆ ಬದುಕಿ ಫಲವೇನೆಂದು ಧುಮುಕಲು ಮುಂದಾದನು. ಆಗ ಒಂದು ಕೈ ಅವನನ್ನು ಹಿಡಿದೆತ್ತಿತು. ಹಿಡಿದವನು ಮಲ್ಲಯ್ಯನೇ ಆಗಿದ್ದನು.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಪವಾಡವೆಂದು ಹೇಳಿ ಮುಂದೆ ಸಾಗುವುದೇ ರೂಢಿ. ನಾವು ಕೊಂಚ ನಿಲ್ಲಬಯಸುತ್ತೇವೆ. ಅಂಚಿಗೆ ಬಂದ ಮಗುವನ್ನು ಯಾರೂ ಗದರಿಸಲಿಲ್ಲ, ನಂಬಿಕೆ ಸಾಲದೆಂದು ಹಂಗಿಸಲಿಲ್ಲ. ಮೊದಲು ಕೈ ಹಿಡಿಯಲಾಯಿತು, ಬೋಧೆ ಆಮೇಲೆ ಬಂದಿತು. ಮನೆಯಲ್ಲಿ ಕುಗ್ಗಿ ಕುಳಿತ ಮಕ್ಕಳಿರುವ ತಂದೆತಾಯಿಗಳು ಈ ಕ್ರಮವನ್ನು ಗಮನಿಸಬೇಕೆಂದು ನಮ್ಮ ವಿನಂತಿ. ಆ ಬೋಧೆಯಾದರೂ ಏನು? ಶ್ರೀಶೈಲದಲ್ಲಿಯೇ ತನ್ನ ಸನ್ನಿಧಿಯಲ್ಲಿರು ಎಂದಲ್ಲ. ಊರಿಗೆ ಮರಳಿ ಸೊನ್ನಲಿಗೆಯನ್ನೇ ಶ್ರೀಶೈಲವನ್ನಾಗಿ ಮಾಡು ಎಂಬುದು ಅಪ್ಪಣೆ.

ಮಂದಮತಿಯೆನಿಸಿಕೊಂಡಿದ್ದ ಹುಡುಗನು ಸಿದ್ಧರಾಮರಾಗಿ ಮರಳಿದರು. ಲಿಂಗಗಳನ್ನು ಸ್ಥಾಪಿಸಿದರು, ಅವುಗಳ ಸಂಖ್ಯೆ 68 ಎಂದು ಸೊಲ್ಲಾಪುರದ ಪರಂಪರೆ ಹೇಳುತ್ತದೆ. ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು, ಬಂದವರಿಗೆ ಅನ್ನವಿಟ್ಟರು. ಸಾವಿರಾರು ಕೈಗಳು ಅವರೊಡನೆ ಮಣ್ಣು ಹೊತ್ತವು. ಕೀರ್ತಿ ಎಲ್ಲೆಡೆ ಹಬ್ಬಿತು.

ಎರಡನೆಯ ಗಳಿಗೆ ಬಂದದ್ದು ಈ ಕೀರ್ತಿಯ ನಡುವೆಯೇ. ಶೂನ್ಯಸಂಪಾದನೆಯ ನಿರೂಪಣೆಯಂತೆ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದು, ಒಡ್ಡರಾಮನೆಲ್ಲಿ ಎಂದು ಕೆರೆಯ ಕೆಲಸಗಾರರನ್ನು ವಿಚಾರಿಸಿದರು. ತಮ್ಮ ಗುರುವನ್ನು ಮಣ್ಣು ಅಗೆಯುವ ಒಡ್ಡನೆಂದದ್ದನ್ನು ಕೇಳಿ ಸಿಟ್ಟಾದ ಅವರು ಕಲ್ಲೆಸೆದರು. ಸುದ್ದಿ ತಿಳಿದು ಬಂದ ಸಿದ್ಧರಾಮರು ತಾವೂ ಕೋಪಗೊಂಡು ಹಣೆಗಣ್ಣು ತೆರೆದರೆಂದೂ, ಆ ಉರಿಯನ್ನು ಪ್ರಭುದೇವರು ತಣಿಸಿದರೆಂದೂ ಕಥೆ. ಮುಂದೆ ನಡೆದ ಸಂವಾದದಲ್ಲಿ ಪ್ರಭುದೇವರ ಪ್ರಶ್ನೆ ನೇರವಾಗಿತ್ತು: ಹೊರಗೆ ಇಷ್ಟೆಲ್ಲ ಕಟ್ಟಿದವನು ಒಳಗೆ ತನ್ನನ್ನು ಅರಿತಿರುವನೇ? ಕೆರೆ ಕಟ್ಟುವುದು ತಪ್ಪೆಂದು ಅದರ ಅರ್ಥವಲ್ಲ. ನಾನು ಕಟ್ಟಿಸಿದೆನೆಂಬ ಸೂಕ್ಷ್ಮ ಅಹಂಕಾರವನ್ನು ಅವರು ಎತ್ತಿ ತೋರಿಸಿದರು.

ಹುಡುಗನಾಗಿದ್ದಾಗ ಬಿದ್ದವನನ್ನು ಹಿಡಿದ ಕೈ ಸಿಕ್ಕಿತ್ತು. ಈಗ ಎತ್ತರದಲ್ಲಿ ನಿಂತವರನ್ನು ಅಲುಗಿಸುವ ಮಾತು ಸಿಕ್ಕಿತು. ಇದು ಮೊದಲಿನದಕ್ಕಿಂತ ಕಠಿನವೆಂದೇ ನಾವು ಭಾವಿಸುತ್ತೇವೆ. ಜನರು ಕಾಲಿಗೆರಗುವಾಗ ತನ್ನಲ್ಲಿ ಕೊರತೆಯಿದೆಯೆಂದು ಒಪ್ಪಿಕೊಳ್ಳುವವರು ಎಷ್ಟು ಮಂದಿ? ಸಿದ್ಧರಾಮರು ಒಪ್ಪಿದರು. ತಾವು ಕಟ್ಟಿದ ಪುರವನ್ನು ಬಿಟ್ಟು ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ಇಷ್ಟಲಿಂಗದ ಅಗತ್ಯವೇನೆಂದು ಮೊದಲು ವಾದಿಸಿದರು. ಮನದ ಸಂಶಯ ಹರಿದ ಬಳಿಕವೇ ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. (ಶೂನ್ಯಸಂಪಾದನೆಯ ಪರಿಷ್ಕರಣಗಳು ಈ ದೀಕ್ಷಾ ಪ್ರಸಂಗದಲ್ಲಿ ಒಂದೇ ಬಗೆಯಾಗಿಲ್ಲ. ಗೂಳೂರು ಸಿದ್ಧವೀರಣ್ಣೊಡೆಯರ ಕೃತಿಯಲ್ಲಿ ಅದು ಬಂದಿರುವುದನ್ನು ಆಸಕ್ತರು ನೋಡಬಹುದು.) ಪರಂಪರೆಯು ಅವರನ್ನು ಪ್ರಭುದೇವರು ಮತ್ತು ಚನ್ನಬಸವಣ್ಣನವರ ಬಳಿಕ ಶೂನ್ಯಸಿಂಹಾಸನದ ಮೂರನೆಯ ಅಧ್ಯಕ್ಷರೆಂದು ಗೌರವಿಸುತ್ತದೆ.

ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ಸಾವಿರಕ್ಕೂ ಮಿಗಿಲಾದ ವಚನಗಳು ಇಂದು ದೊರೆಯುತ್ತವೆ. ಆ ಅಂಕಿತದಲ್ಲಿಯೇ ಹೊಲಕ್ಕೆ ಬಂದಿದ್ದ ಮಲ್ಲಯ್ಯನಿದ್ದಾನೆ.

ಕೊನೆಗೆ ಅವರು ಸೊನ್ನಲಿಗೆಗೇ ಮರಳಿ ಅಲ್ಲಿಯೇ ಸಮಾಧಿಸ್ಥರಾದರು. ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯವು ಇಂದಿಗೂ ಕೆರೆಯ ನಡುವೆ ನಿಂತಿದೆ. ಪ್ರತಿವರ್ಷ ಮಕರ ಸಂಕ್ರಾಂತಿಯ ಜಾತ್ರೆಗೆ ಎತ್ತರದ ನಂದಿಧ್ವಜಗಳನ್ನು ಹೊತ್ತು ಬರುವ ಜನರಲ್ಲಿ ಮರಾಠಿ ಮಾತನಾಡುವವರೂ ಇರುತ್ತಾರೆ, ಕನ್ನಡಿಗರೂ ಇರುತ್ತಾರೆ.