ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ

ಬೆಂಗಳೂರಿಗೆ ಬಂದವರು ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಊರಿಗೆ ಮರಳುವುದು ಅಪರೂಪ. ಈ ಭವ್ಯ ಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರಿಗೆ ಮಾತ್ರ ಅಲ್ಲಿ ಕುಳಿತು ರಾಜ್ಯವಾಳುವ ಯೋಗ ಹೆಚ್ಚು ಕಾಲ ಒದಗಲಿಲ್ಲ.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ 1908ರಲ್ಲಿ ಜನಿಸಿದ ಅವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಕಾನೂನು ಪದವಿ ಪಡೆದರು. ವಕೀಲಿ ವೃತ್ತಿಯನ್ನು ತೊರೆದು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಹಲವು ಬಾರಿ ಸೆರೆವಾಸ ಅನುಭವಿಸಿದರು. ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು.

ವಿಧಾನಸೌಧಕ್ಕೆ 1951ರ ಜುಲೈ 13ರಂದು ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿಯಾಗಿದ್ದವರು ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸರಳವಾಗಿತ್ತು. 1952ರಲ್ಲಿ ಅಧಿಕಾರಕ್ಕೆ ಬಂದ ಹನುಮಂತಯ್ಯನವರು ಅದನ್ನು ಬದಲಾಯಿಸಿದರು. ಎದುರಿಗಿದ್ದ ಅಠಾರಾ ಕಚೇರಿ ಬ್ರಿಟಿಷರ ಕಾಲದ ಕಟ್ಟಡ. ಪ್ರಜೆಗಳ ಸರ್ಕಾರದ ಮನೆ ಅದಕ್ಕಿಂತ ಹಿರಿದಾಗಿ, ನಾಡಿನದೇ ಶಿಲ್ಪಶೈಲಿಯಲ್ಲಿ ತಲೆಯೆತ್ತಬೇಕೆಂಬುದು ಅವರ ಹಂಬಲ. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದಕ್ಕೆ ರೂಪ ಕೊಟ್ಟರು. ಕಲ್ಲುಕುಟಿಗರ ಜತೆ ಸೆರೆಮನೆಯ ಕೈದಿಗಳೂ ದುಡಿದರು. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಭಾವಿಸಬೇಕೆಂಬ ಆಶಯವನ್ನು ಕಟ್ಟಡದ ಮುಂಭಾಗದಲ್ಲೇ ಬರೆಸಲಾಯಿತು.

ಖರ್ಚು ಒಂದೂಮುಕ್ಕಾಲು ಕೋಟಿ ರೂಪಾಯಿ ದಾಟಿತು. ಬಡ ನಾಡಿಗೆ ಇಂಥ ಅರಮನೆ ಏಕೆಂಬ ಟೀಕೆ ಎದ್ದಿತು. ವೆಚ್ಚದ ಬಗ್ಗೆ ವಿಚಾರಣೆಯೂ ನಡೆಯಿತು. ಇದೇ ವೇಳೆ ಕರ್ನಾಟಕದ ಏಕೀಕರಣಕ್ಕೆ ಹಳೆ ಮೈಸೂರಿನ ಅನೇಕ ನಾಯಕರು ಅಡ್ಡಿಯಾದರು. ಕನ್ನಡಿಗರೆಲ್ಲ ಒಂದಾಗಲೇಬೇಕೆಂದು ಪಟ್ಟು ಹಿಡಿದ ಹನುಮಂತಯ್ಯನವರು ಸ್ವಂತ ನೆಲೆಯಲ್ಲೇ ವಿರೋಧ ಕಟ್ಟಿಕೊಂಡರು. ಪಕ್ಷದೊಳಗಿನ ಭಿನ್ನಮತದಿಂದಾಗಿ 1956ರ ಆಗಸ್ಟ್‌ನಲ್ಲಿ ಅಧಿಕಾರ ಬಿಡಬೇಕಾಯಿತು. ಎರಡೂವರೆ ತಿಂಗಳ ಬಳಿಕ, ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅದರ ಮೊದಲ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ.

ಹನುಮಂತಯ್ಯನವರು ಮುಂದೆ ಲೋಕಸಭೆಯಲ್ಲಿ ಬೆಂಗಳೂರನ್ನು ಪ್ರತಿನಿಧಿಸಿದರು. ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, ಕೇಂದ್ರದ ರೈಲ್ವೆ ಸಚಿವರಾಗಿ ಸೇವೆ ಸಲ್ಲಿಸಿದರು. 1980ರ ಡಿಸೆಂಬರ್ 1ರಂದು ನಿಧನರಾದರು.

ಬಹುಕಾಲ ಬೇಲಿಯ ಹೊರಗಿನಿಂದಲೇ ಸೌಧವನ್ನು ಕಣ್ತುಂಬಿಕೊಳ್ಳುತ್ತಿದ್ದ ಜನರಿಗೆ 2025ರಲ್ಲಿ ಮಾರ್ಗದರ್ಶಕರೊಡನೆ ಒಳಹೊಕ್ಕು ನೋಡುವ ಅವಕಾಶ ದೊರೆಯಿತು. ಅಂದು ದುಂದುವೆಚ್ಚವೆನಿಸಿದ ಕಟ್ಟಡ ಇಂದು ರಾಜ್ಯದ ಹೆಮ್ಮೆಯ ಗುರುತಾಗಿದೆ. ಆದರೆ ಅದರ ಹಣೆಯ ಮೇಲಿನ ಆಶಯ ಎಷ್ಟರಮಟ್ಟಿಗೆ ಈಡೇರಿದೆ ಎಂಬ ಪ್ರಶ್ನೆಗೆ ಒಳಗೆ ಕುಳಿತವರೇ ಉತ್ತರಿಸಬೇಕು.